ಬ್ರೆಜಿಲ್‌ನ ಹಿಮ, ನಮ್ಮ ಮನೆಯ ಹಂಚು

19 ಜನವರಿ 2025, ಭಾನುವಾರ ರಾತ್ರಿ

ಎರಡು ಪುಟ ಬರೆಯಬೇಕಿತ್ತು, ಅರ್ಧ ಪುಟವೂ ಆಗಿಲ್ಲ. ‘ನಿಮ್ಮ ಸಂಶೋಧನೆಯಿಂದ ಜಾಗತೀಕರಣದ ಬಗ್ಗೆ ಹೊಸದಾಗಿ ಏನು ತಿಳಿಯುತ್ತದೆ?’ ಅಂತ ಫೆಲೋಶಿಪ್ ಅರ್ಜಿಯಲ್ಲಿ ಕೇಳಿದ್ದಾರೆ. ನನ್ನ ಪಿಎಚ್‌ಡಿ ಕಾಫಿ ಬೆಳೆಗಾರರು ಮತ್ತು ಜಾಗತಿಕ ಮಾರುಕಟ್ಟೆಯ ಮೇಲೆ. ಮೂರು ದಿನದಿಂದ ಬರೆಯೋದು, ಅಳಿಸೋದು. ನನ್ನ ಗೈಡ್ ಮೇಡಂ ಕೊಟ್ಟ ಪಟ್ಟಿಯಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ, ಜಾಗತೀಕರಣ ಅಧ್ಯಯನದ ನೀಹಾಸ್ ಕೇಂದ್ರವೂ ಇದೆ, ಫ್ಲಾರೆನ್ಸ್‌ನ ಮ್ಯಾಕ್ಸ್ ವೆಬರ್ ಫೆಲೋಶಿಪ್ಪೂ ಇದೆ. ಅವೆಲ್ಲ ಪಿಎಚ್‌ಡಿ ಮುಗಿದ ಮೇಲಿನ ಮಾತು. ಪಿಎಚ್‌ಡಿ ಮಾಡುತ್ತಿರುವವರಿಗೆ ಫುಲ್‌ಬ್ರೈಟ್-ನೆಹರು ಫೆಲೋಶಿಪ್ ಇದೆ, ಆರರಿಂದ ಒಂಬತ್ತು ತಿಂಗಳು ಅಮೆರಿಕದಲ್ಲಿ. ನಾನು ಈಗ ತುಂಬುತ್ತಿರುವುದು ಇವೆಲ್ಲಕ್ಕಿಂತ ಚಿಕ್ಕದು. ಆದರೂ ಕೈ ಓಡುತ್ತಿಲ್ಲ.

ಸಂಜೆ ಅಪ್ಪನಿಗೆ ಫೋನ್ ಮಾಡಿದೆ. ಕಣದಲ್ಲಿದ್ದರು. ರೋಬಸ್ಟಾ ಕಾಫಿ ಹಣ್ಣು ಹರಡಿದ್ದಾರಂತೆ, ಕಾಲಲ್ಲಿ ಗೀರು ಎಳೆಯುತ್ತಾ ಮಾತಾಡುತ್ತಿದ್ದರು. ಆ ಸರ್ ಸರ್ ಸದ್ದು ಫೋನಲ್ಲೂ ಕೇಳುತ್ತಿತ್ತು.

“ಲಂಡನ್ ಎಷ್ಟಿದೆ ಮಗಾ?” ಅಂದರು. ಊಟ ಆಯ್ತಾ ಅನ್ನುವುದಕ್ಕೂ ಮೊದಲು.

ಲಂಡನ್ ಮಾರುಕಟ್ಟೆಯ ರೋಬಸ್ಟಾ ಬೆಲೆ ಕೇಳುತ್ತಿದ್ದರು. ಟನ್ನಿಗೆ 5,000 ಡಾಲರ್ ಆಸುಪಾಸು ಅಂದೆ. ಅವರಿಗೆ ಗೊತ್ತೇ ಇತ್ತು. ವಿಯೆಟ್ನಾಮಿನಲ್ಲಿ ಮಳೆ ಕೈಕೊಟ್ಟಿದ್ದೂ ಗೊತ್ತು. ಅರ್ಜಿಯ ಪ್ರಶ್ನೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಬರೀ ಹಣ್ಣಿನ ಸದ್ದು.

“ನಮ್ಮನೆ ಹಂಚು ಬದಲಾಯಿಸಿದ್ದು ಯಾವಾಗ ಗೊತ್ತಾ? ಬ್ರೆಜಿಲ್‌ನಲ್ಲಿ ಹಿಮ ಬಿತ್ತಲ್ಲ, 94ರಲ್ಲಿ, ಅದಾದ ಮೇಲೆ. ಅಲ್ಲಿ ಗಿಡ ಸುಟ್ಟೋಯ್ತು, ಇಲ್ಲಿ ನಮಗೆ ದುಡ್ಡಾಯ್ತು. ಆವತ್ತು ಖುಷಿ ಪಟ್ಟಿದ್ದು ಈಗ್ಲೂ ಒಂಥರಾ ಅನ್ಸುತ್ತೆ.”

ನನಗೆ ಮಾತೇ ಹೊರಡಲಿಲ್ಲ. 1989ರ ಜುಲೈನಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ (ಯಾವ ದೇಶ ಎಷ್ಟು ಮಾರಬಹುದು ಅನ್ನುವ ಮಿತಿ) ಕುಸಿದದ್ದು, 1996ರ ಹೊತ್ತಿಗೆ ಕಾಫಿ ಮಂಡಳಿಯ ಪೂಲ್ ಪದ್ಧತಿ (ಎಲ್ಲರ ಕಾಫಿಯನ್ನೂ ಮಂಡಳಿಯೇ ಒಟ್ಟಿಗೆ ಮಾರಿ ಕಂತಿನಲ್ಲಿ ದುಡ್ಡು ಕೊಡೋದು) ಪೂರ್ತಿ ನಿಂತು ಬೆಳೆಗಾರ ನೇರ ಮಾರುಕಟ್ಟೆಗೆ ಬಿದ್ದದ್ದು, ಎಲ್ಲ ನನ್ನ ಮೂರನೇ ಅಧ್ಯಾಯದಲ್ಲಿದೆ, ಕೋಷ್ಟಕ ಸಮೇತ. ನಮ್ಮ ಮನೆಯ ಹಂಚು ಮಾತ್ರ ಇಲ್ಲ. ಹಿಮ ಬಿದ್ದ ಊರಿನಲ್ಲಿ ಆ ವರ್ಷ ಯಾರ ಮನೆ ಸೋರಿತೋ ಅನ್ನುವುದೂ ಇಲ್ಲ.

2001ರ ಮಾತು ಅಪ್ಪ ತೆಗೆಯಲಿಲ್ಲ. ನಾನೂ ಕೇಳಲಿಲ್ಲ. ಕಾಫಿ ಬೆಲೆ ಬಿದ್ದು ಕೊಯ್ಲಿನ ಕೂಲಿಯೂ ಹುಟ್ಟದ ವರ್ಷ ಅದು.

ಆಮೇಲೆ ಯುರೋಪಿನ ಕಾನೂನಿನ ಮಾತು ಬಂತು. ಕಾಡು ಕಡಿದು ಬೆಳೆದ ಕಾಫಿ ಅಲ್ಲಿಗೆ ಬರಕೂಡದು, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ್ದಲ್ಲ ಎಂದು ತೋರಿಸಬೇಕು, ತೋಟದ ಅಕ್ಷಾಂಶ ರೇಖಾಂಶ ಕೊಡಬೇಕು. ಕಳೆದ ತಿಂಗಳು ಅದರ ಜಾರಿಯನ್ನು ಒಂದು ವರ್ಷ ಮುಂದಕ್ಕೆ ಹಾಕಿದ್ದಾರೆ. ಅಪ್ಪನಿಗೆ ಕಾಡು ಉಳಿಯೋದು ಬೇಡ ಅಂತಿಲ್ಲ. ಮನೆ ಹಿಂದಿನ ಅತ್ತಿಮರದ ಕೊಂಬೆ ಕಡಿಯೋಕೂ ಹತ್ತು ಸಲ ಯೋಚನೆ ಮಾಡೋರು ಅವರು. “ಕಾನೂನು ಮಾಡೋವಾಗ ನಮ್ಮನ್ನ ಯಾರು ಕೇಳಿದ್ರು? ಅಳತೆ ಖರ್ಚು ಯಾರ್ ತಲೆ ಮೇಲೆ?” ಅಷ್ಟೇ ಅವರ ಪ್ರಶ್ನೆ.

ಇದನ್ನೇ ಬ್ರಿಟನ್ನಿನ ವಿದ್ವಾಂಸೆ ಸೂಸನ್ ಸ್ಟ್ರೇಂಜ್ ಕೇಳುತ್ತಿದ್ದರು. ಅರ್ಥಶಾಸ್ತ್ರದವರೂ ಅಂತಾರಾಷ್ಟ್ರೀಯ ರಾಜಕೀಯದವರೂ ಒಬ್ಬರ ಕಡೆ ಒಬ್ಬರು ತಿರುಗಿಯೂ ನೋಡುತ್ತಿಲ್ಲ ಎಂದು 1970ರಲ್ಲೇ ಬರೆದ ಹೆಂಗಸು, ಅದಕ್ಕೂ ಮೊದಲು ಪತ್ರಕರ್ತೆ, ಆರು ಮಕ್ಕಳ ತಾಯಿ. ನಿಯಮ ಯಾರದು, ಲಾಭ ಯಾರಿಗೆ? ಅವರನ್ನು ಓದಿದಾಗ ದೊಡ್ಡ ಸಿದ್ಧಾಂತ ಅನ್ನಿಸಿತ್ತು. ಅಪ್ಪ ಕಣದಲ್ಲಿ ನಿಂತು ಕೇಳಿದಾಗ ಎದೆಗೆ ನಾಟಿತು.

ರೂಮಲ್ಲಿ ನನ್ನ ರೂಮ್‌ಮೇಟ್ ಮಲಗಿದ್ದಾಳೆ, ಗೋಡೆ ಕಡೆ ಮುಖ ಮಾಡಿ. ಅವಳದು ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಮೇಲಿನ ಅಧ್ಯಯನ. ಶ್ರೀಮಂತ ದೇಶಗಳು ಆಮದಿಗೆ ಹಾಕಿದ್ದ ಜವಳಿ ಕೋಟಾಗಳು 2005ರ ಜನವರಿ 1ಕ್ಕೆ ಮುಗಿದ ಮೇಲೆ ಬೆಂಗಳೂರಿನ ಹೊಲಿಗೆ ಯಂತ್ರಗಳ ಮುಂದೆ ಏನಾಯಿತು ಅನ್ನೋದು. ಎಷ್ಟು ಒಳ್ಳೇ ವಿಷಯ! ಐದು ತಿಂಗಳಿಂದ ಅವಳ ಫೆಲೋಶಿಪ್ ಹಣ ಬಂದಿಲ್ಲ. ಸಂದರ್ಶನಕ್ಕೆ ಹೋಗಲು ಬಸ್ ಚಾರ್ಜ್ ಲೆಕ್ಕ ಹಾಕುತ್ತಾಳೆ, ಆ ಹೆಣ್ಣುಮಕ್ಕಳು ಬಿಡುವಾಗೋದು ಭಾನುವಾರ ಮಾತ್ರ, ಇವತ್ತಿನ ಭಾನುವಾರವೂ ಹೋಯಿತು. ನನ್ನದು ಜೆಆರ್‌ಎಫ್ ಅನ್ನುವ ಸರ್ಕಾರಿ ಸಂಶೋಧನಾ ಫೆಲೋಶಿಪ್, 2023ರಿಂದ ತಿಂಗಳಿಗೆ 37,000 ರೂಪಾಯಿ. ಆ ದುಡ್ಡಿರುವುದರಿಂದಲೇ ನಾನು ನಾಲ್ಕು ತಿಂಗಳು ಮೂಡಿಗೆರೆ ಸುತ್ತಿ ಹಳೇ ಬೆಳೆಗಾರರ ಜಗಲಿ ಮೇಲೆ ಕೂರೋಕಾಯ್ತು. ಅವಳಿಗೂ ಅಂಥ ನಾಲ್ಕು ತಿಂಗಳು ಸಿಗಬೇಕು. ಇದಕ್ಕಿಂತ ಹೆಚ್ಚಿಗೆ ಹೇಳಲು ಹೋದರೆ ಕಣ್ಣಲ್ಲಿ ನೀರು ಬರುತ್ತೆ.

ಒಂಬತ್ತೂವರೆಗೆ ಅಪ್ಪ ವಾಟ್ಸಾಪಲ್ಲಿ ಅಜ್ಜನ ಲೆಕ್ಕದ ಪುಸ್ತಕದ ಫೋಟೋ ಕಳಿಸಿದರು, ಹನ್ನೊಂದು ಪುಟ. ನೀಲಿ ಶಾಯಿ, ಅಂಚು ಗೆದ್ದಲು ತಿಂದಿದೆ. ಮಂಡಳಿಗೆ ಹಾಕಿದ ಚೀಲ ಒಂದು ಸಾಲು, ಬಂದ ಕಂತು ಇನ್ನೊಂದು ಸಾಲು. ಕಂತಿನ ಎದುರು ಆ ದುಡ್ಡು ಎಲ್ಲಿಗೆ ಹೋಯಿತು ಅನ್ನುವುದೂ ಇದೆ: ಗೊಬ್ಬರ, ಅಕ್ಕನ ಬಳೆ, ಸೊಸೈಟಿ ಸಾಲ.

90ರ ಪುಟದಲ್ಲಿ ಅಪ್ಪನ ಹೆಬ್ಬೆರಳು ಅಡ್ಡ ಬಂದಿದೆ, ಕೊನೇ ಎರಡು ಕಂತು ಕಾಣುತ್ತಿಲ್ಲ. ಬೆಳಿಗ್ಗೆ ಮತ್ತೆ ತೆಗೆಯಲು ಹೇಳಬೇಕು. ಅರ್ಜಿಯನ್ನ ಹಂಚಿನಿಂದಲೇ ಶುರು ಮಾಡಿದರೆ ಮೇಡಂ ಏನನ್ನುತ್ತಾರೋ, ಅಥವಾ ಈ ಪುಟದಿಂದಲೇ