300ಡಿ: ಆಟೊಮ್ಯಾಟಿಕ್ ಇಳಿಯಿತು, ಮ್ಯಾನುಯಲ್ ಏರುತ್ತಿದೆ

ಸದ್ಯದ ಸ್ಥಿತಿ ಇಷ್ಟು: ಹಳೆಯ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕಾರಿನಿಂದ ಇಳಿದು ಗ್ಯಾರೇಜಿನ ಮೂಲೆ ಸೇರಿದೆ. ಫ್ಲೈವೀಲ್, ಕ್ಲಚ್ ಎರಡೂ ಎಂಜಿನ್ನಿಗೆ ಕೂತಿವೆ, ಮ್ಯಾನುಯಲ್ ಗೇರ್‌ಬಾಕ್ಸ್ ಅವುಗಳ ಹಿಂದೆ ತನ್ನ ಜಾಗ ಹಿಡಿದಿದೆ. ಕಾರು ಮಾತ್ರ ಇನ್ನೂ ಸ್ಟ್ಯಾಂಡ್‌ಗಳ ಮೇಲೆಯೇ ಇದೆ.

ಈ ಕಾರಿನ ವಿಷಯ ಮೊದಲ ಸಲ ಓದುತ್ತಿರುವವರಿಗೆ: ಇದು 1983ರ ಮರ್ಸಿಡಿಸ್ 300ಡಿ ಟರ್ಬೊ ಡೀಸೆಲ್, ಡಬ್ಲ್ಯು123 ಮಾಲಿಕೆಯದು. ಐದು ಸಿಲಿಂಡರಿನ, ಮೂರು ಲೀಟರಿನ ಒಎಂ617 ಎಂಜಿನ್. ಅಮೆರಿಕದಲ್ಲಿ ಈ ಮಾದರಿ ಆಟೊಮ್ಯಾಟಿಕ್ ಆಗಿಯೇ ಮಾರಾಟವಾಯಿತು. ಕ್ಲಚ್ ತುಳಿಯುವ ಆಸೆಯಿದ್ದವರು ನಾಲ್ಕು ಸಿಲಿಂಡರಿನ ಬಡಪಾಯಿ 240ಡಿಯನ್ನು ಕೊಳ್ಳಬೇಕಿತ್ತು. ಆ 240ಡಿಯ ನಾಲ್ಕು ಗೇರಿನ ಪೆಟ್ಟಿಗೆಯೇ ಈಗ ನನ್ನ ಕಾರಿಗೆ ಬರುತ್ತಿರುವುದು. ಇಂಥ ಬದಲಾವಣೆಗೆ ಇದಕ್ಕಿಂತ ಅನುಕೂಲದ ಕಾರು ಸಿಗುವುದು ಕಷ್ಟ. ಎಂಜಿನ್ನಿಗೆ ಕಂಪ್ಯೂಟರ್ ಇಲ್ಲ, ಡೀಸೆಲ್ ಪಂಪು ಪೂರ್ತಿ ಯಾಂತ್ರಿಕ, ಕೀಲಿ ತಿರುಗಿಸಿದಾಗ ಎಂಜಿನ್ ನಿಲ್ಲುವುದು ಕೂಡ ನಿರ್ವಾತದ ಬಲದಿಂದ. ಗೇರ್‌ಬಾಕ್ಸ್ ಬದಲಾದದ್ದು ಈ ಎಂಜಿನ್ನಿಗೆ ಗೊತ್ತೇ ಆಗುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1997 ಮತ್ತು ಅದಕ್ಕಿಂತ ಹಳೆಯ ಡೀಸೆಲ್ ಕಾರುಗಳಿಗೆ ಹೊಗೆ ತಪಾಸಣೆಯೂ ಇಲ್ಲ.

ಆಟೊಮ್ಯಾಟಿಕ್ ಕೆಟ್ಟಿದೆ ಎಂದು ತೀರ್ಮಾನಿಸುವ ಮೊದಲು ಒಂದು ಮಾತು. ಈ ಗೇರ್‌ಬಾಕ್ಸ್ ಗೇರನ್ನು ಮೆತ್ತಗೆ ಹಾಕಬೇಕೋ ಗಟ್ಟಿಯಾಗಿ ಹಾಕಬೇಕೋ ಎಂಬುದನ್ನು ತೆಳ್ಳಗಿನ ನಿರ್ವಾತದ ಕೊಳವೆಯೊಂದರಿಂದ ತಿಳಿದುಕೊಳ್ಳುತ್ತದೆ. ಹತ್ತು ಡಾಲರಿನ ರಬ್ಬರ್ ಬಿರುಕು ಬಿಟ್ಟರೆ ಸಾಕು, ಕಾರು ಪ್ರತಿ ಗೇರಿಗೂ ಗುದ್ದುತ್ತದೆ ಅಥವಾ ಜಾರುತ್ತದೆ. ಅಷ್ಟಕ್ಕೇ ಒಳ್ಳೆಯ ಗೇರ್‌ಬಾಕ್ಸನ್ನು ಗುಜರಿಗೆ ಹಾಕಿದವರನ್ನು ನೋಡಿದ್ದೇನೆ. ನಾನು ಕೈಪಂಪು ಹಚ್ಚಿ ಕೊಳವೆಗಳನ್ನೆಲ್ಲ ಪರೀಕ್ಷಿಸಿದೆ, ಎಲ್ಲವೂ ಸರಿಯಾಗಿದ್ದವು. ಆಕ್ಸಿಲರೇಟರಿಗೆ ಜೋಡಿಸಿದ ಕೇಬಲ್ಲೂ ಸರಿಯಾಗಿತ್ತು. ಆದರೆ ಗೇರ್‌ಬಾಕ್ಸಿನ ಆಯಿಲ್ ಇಳಿಸಿದಾಗ ಬಂದದ್ದು ಕಡುಕಪ್ಪು, ಸುಟ್ಟ ವಾಸನೆ; ಪ್ಯಾನಿನ ತಳದಲ್ಲಿ ಘರ್ಷಣೆಯ ಪದರದ ಪುಡಿ ಕೆಸರಿನಂತೆ ಕೂತಿತ್ತು. ರಿವರ್ಸ್ ಹಾಕಿದರೆ ಕಾರು ಸ್ವಲ್ಪ ಹೊತ್ತು ಯೋಚಿಸಿ ಆಮೇಲೆ ಹಿಂದೆ ಸರಿಯುತ್ತಿತ್ತು. ನಲವತ್ತು ವರ್ಷ ದುಡಿದ ಯಂತ್ರವನ್ನು ದೂರುವುದಕ್ಕೇನೂ ಇಲ್ಲ. ಅದನ್ನು ಬಿಚ್ಚಿ ಹೊಸದಾಗಿ ಕಟ್ಟಿಸಲು ಕೇಳಿದ ಬೆಲೆ ಕಾರಿನ ಬೆಲೆಗಿಂತ ಹೆಚ್ಚಾಗಿತ್ತು.

ಯಾರಾದರೂ ಇದೇ ಕೆಲಸಕ್ಕೆ ಕೈಹಾಕುವುದಾದರೆ ನನ್ನ ಸಲಹೆ: ಬರೀ ಗೇರ್‌ಬಾಕ್ಸ್ ಕೊಳ್ಳಬೇಡಿ, ಹಿಂದಿನಿಂದ ಗುದ್ದಿಸಿಕೊಂಡ ಇಡೀ 240ಡಿಯನ್ನು ಕೊಳ್ಳಿ. ಗೇರ್‌ಬಾಕ್ಸ್ ಸುಲಭವಾಗಿ ಸಿಗುತ್ತದೆ. ಸಿಗದಿರುವುದು ಪೆಡಲ್‌ಗಳ ಚೌಕಟ್ಟು, ಗೇರ್ ಲಿವರಿನ ಬ್ರಾಕೆಟ್ಟು, ಮೂರು ಕಡ್ಡಿಗಳು ಮತ್ತು ಅವುಗಳ ಕ್ಲಿಪ್ಪು, ಬ್ರೇಕ್ ಆಯಿಲ್ ಡಬ್ಬಿಯಿಂದ ಕ್ಲಚ್ಚಿಗೆ ಹೋಗುವ ಗಿಡ್ಡ ಕೊಳವೆ. ಒಂದೊಂದನ್ನೇ ಹುಡುಕಲು ಹೊರಟರೆ ವರ್ಷ ಕಳೆಯುತ್ತದೆ.

ಪೆಡಲ್ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಟಿಯರಿಂಗಿನ ಕೆಳಗೆ ಅಂಗಾತ ಮಲಗಿ, ಕಾಣದ ನಟ್ಟುಗಳನ್ನು ಬೆರಳಿನಿಂದ ತಡಕಿ ಬಿಚ್ಚುವ ಕೆಲಸ. ಬೆನ್ನು ಗಟ್ಟಿಯಿದ್ದವರಿಗೆ ಆಗುತ್ತದೆ.

ಫ್ಲೈವೀಲಿನದು ಬೇರೆಯೇ ಕಥೆ. ಆಟೊಮ್ಯಾಟಿಕ್ ಕಾರಿನಲ್ಲಿ ಕ್ರ್ಯಾಂಕ್‌ಶಾಫ್ಟಿನ, ಅಂದರೆ ಎಂಜಿನ್ನಿನ ತಿರುಗುವ ಮುಖ್ಯ ದಂಡದ, ತುದಿಗೆ ತೆಳುವಾದ ಡ್ರೈವ್ ಪ್ಲೇಟ್ ಇರುತ್ತದೆ. ಮ್ಯಾನುಯಲ್‌ನಲ್ಲಿ ಅದರ ಜಾಗಕ್ಕೆ ಭಾರವಾದ ಫ್ಲೈವೀಲ್ ಬರಬೇಕು. ಬಿಚ್ಚಿ ಹಾಕಿದರೆ ಮುಗಿಯಿತು ಎನ್ನುವಂತಿಲ್ಲ. ಈ ಎಂಜಿನ್ನನ್ನು ಕಾರ್ಖಾನೆಯಲ್ಲಿ ಕ್ರ್ಯಾಂಕ್‌ಶಾಫ್ಟ್ ಮತ್ತು ಪ್ಲೇಟ್ ಎರಡನ್ನೂ ಒಟ್ಟಿಗೆ ತಿರುಗಿಸಿ ಸಮತೋಲನ ಮಾಡಿರುತ್ತಾರೆ. ಹಾಗಾಗಿ ಹಳೆಯ ಪ್ಲೇಟಿನಲ್ಲಿ ಎಲ್ಲಿ, ಎಷ್ಟು ಭಾರದ ವ್ಯತ್ಯಾಸ ಇದೆಯೋ, ಹೊಸ ಫ್ಲೈವೀಲಿನಲ್ಲೂ ಅಲ್ಲೇ, ಅಷ್ಟೇ ಇರಬೇಕು. ಬೇರೊಂದು ಎಂಜಿನ್ನಿನ ಫ್ಲೈವೀಲನ್ನು ಹಾಗೇ ಹಾಕಿದರೆ ಇಡೀ ಕಾರು ನಡುಗುತ್ತದೆ. ಎರಡನ್ನೂ ಲೇತ್ ಅಂಗಡಿಗೆ ಒಯ್ದೆ. ಅಲ್ಲಿಯ ಹಿರಿಯರು ಮೊದಲು ಹಳೆಯ ಪ್ಲೇಟನ್ನು ಯಂತ್ರಕ್ಕೆ ಕಟ್ಟಿ ತಿರುಗಿಸಿ, ಓದಿದ್ದನ್ನು ಸೀಮೆಸುಣ್ಣದಿಂದ ಅದರ ಮೇಲೆಯೇ ಬರೆದರು. ಆಮೇಲೆ ಫ್ಲೈವೀಲ್. ಅಂಚಿನ ಹತ್ತಿರ ಡ್ರಿಲ್ ಇಳಿಸಿ ಒಂದು ಚಿಟಿಕೆ ಕಬ್ಬಿಣ ತೆಗೆಯುವುದು, ಮತ್ತೆ ತಿರುಗಿಸುವುದು, ಕನ್ನಡಕ ಏರಿಸಿ ಮುಳ್ಳನ್ನು ನೋಡುವುದು. ಎರಡು ಓದುಗಳು ಒಂದೇ ಆಗುವವರೆಗೂ ಇದೇ ನಡೆಯಿತು. ಈ ಖರ್ಚನ್ನು ಉಳಿಸಲು ಹೋಗಬಾರದು.

ಫ್ಲೈವೀಲಿನ ಬೋಲ್ಟುಗಳು ಹಿಗ್ಗುವ ಜಾತಿಯವು, ಹೊಸವನ್ನೇ ಹಾಕಬೇಕು. ಮೊದಲು 30ರಿಂದ 40 ನ್ಯೂಟನ್ ಮೀಟರ್ ಬಿಗಿ, ಅದರ ಮೇಲೆ 90ರಿಂದ 100 ಡಿಗ್ರಿ ತಿರುವು. ಆ ತಿರುವಿನಲ್ಲಿ ಬೋಲ್ಟ್ ಕೈಗೆ ಮೆತ್ತಗಾದಂತೆ ಅನಿಸುತ್ತದೆ. ಮೊದಲ ಸಲ ಮಾಡುವವರ ಎದೆ ಝಲ್ಲೆನ್ನುವುದು ಖಂಡಿತ. ಕ್ರ್ಯಾಂಕ್‌ಶಾಫ್ಟಿನ ಹಿಂತುದಿಯ ಕುಳಿಗೆ, ಗೇರ್‌ಬಾಕ್ಸಿನ ಶಾಫ್ಟಿನ ತುದಿಗೆ ಆಧಾರವಾಗುವ ಪೈಲಟ್ ಬೇರಿಂಗ್ ಕೂರಿಸುವುದನ್ನೂ ಮರೆಯಬಾರದು. ಮರೆತರೆ ಎಲ್ಲವನ್ನೂ ಮತ್ತೆ ಇಳಿಸಬೇಕಾಗುತ್ತದೆ.

ಕ್ಲಚ್ಚಿನ ಕೊಳವೆಯಿಂದ ಗಾಳಿ ತೆಗೆಯುವಾಗ ಹುಬ್ಬಳ್ಳಿಯಿಂದ ಬಂದಿದ್ದ ಭಾವ ಜೊತೆಗಿದ್ದರು. ಪೆಡಲ್ ಎಷ್ಟು ತುಳಿದರೂ ನೆಲಕ್ಕೆ ಹೋಗಿ ಅಲ್ಲೇ ಉಳಿಯುತ್ತಿತ್ತು. “ಮೇಲಿನಿಂದ ಸುರಿದರೆ ಗಾಳಿ ಎಲ್ಲಿಗೆ ಹೋಗಬೇಕು? ಕೆಳಗಿನಿಂದ ತಳ್ಳು” ಎಂದರು. ಇವರು ಹೇಳಿದ್ದೂ ಮರ್ಸಿಡಿಸ್ ಪದ್ಧತಿಯೂ ಒಂದೇ: ಮುಂದಿನ ಬಲಗಡೆ ಬ್ರೇಕಿನ ಗಾಳಿ ಬಿಡುವ ನಿಪ್ಪಲ್ಲಿನಿಂದ ಕ್ಲಚ್ಚಿನ ಕೆಳಗಿನ ಸಿಲಿಂಡರಿನ ನಿಪ್ಪಲ್ಲಿಗೆ ಒಂದು ಪಾರದರ್ಶಕ ಪೈಪು. ಪೈಪಿನ ತುಂಬ ಆಯಿಲ್ ಬಂದ ಮೇಲೆ ಎರಡೂ ಕಡೆ ಸಡಿಲಿಸಿ ಬ್ರೇಕ್ ಪೆಡಲನ್ನು ನಿಧಾನವಾಗಿ ಒತ್ತಿದರೆ ಆಯಿಲ್ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಡಬ್ಬಿಯಲ್ಲಿ ಗುಳ್ಳೆಗಳು ಬುಳುಬುಳು ಎದ್ದವು, ಪೆಡಲ್ ಗಟ್ಟಿಯಾಯಿತು. ಭಾವ ಚಹಾ ಕೇಳಿದರು.

ವಿದ್ಯುತ್ ಕೆಲಸ ಚಿಕ್ಕದು. ಆಟೊಮ್ಯಾಟಿಕ್‌ನಲ್ಲಿ ಗೇರು ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿ ಇದ್ದರೆ ಮಾತ್ರ ಸ್ಟಾರ್ಟರಿಗೆ ಕರೆಂಟು ಹೋಗುತ್ತದೆ. ಆ ಸ್ವಿಚ್ಚಿನ ತಂತಿಗಳನ್ನು ಎಲ್ಲರೂ ಸುಮ್ಮನೆ ಕೂಡಿಸಿಬಿಡುತ್ತಾರೆ. ನನಗೆ ಅದು ಹಿಡಿಸುವುದಿಲ್ಲ: ಮಗಳು ಆಟಕ್ಕೆಂದು ಕೀಲಿ ತಿರುಗಿಸಿದರೂ ಕಾರು ಗೇರಿನಲ್ಲೇ ಜಿಗಿದೀತು. ಅದೇ ತಂತಿಗಳನ್ನು ಕ್ಲಚ್ ಪೆಡಲಿನ ಸ್ವಿಚ್ಚಿಗೆ ಕೊಟ್ಟಿದ್ದೇನೆ.

ಮೈಲೇಜ್ ಎಷ್ಟು ಹೆಚ್ಚುತ್ತದೆ ಎಂದು ಕೇಳುವವರಿಗೆ: ಅದಕ್ಕಾಗಿ ಈ ಕೆಲಸ ಮಾಡಬೇಡಿ. ಹಳೆಯ ಪೆಟ್ಟಿಗೆಯ ನಾಲ್ಕನೆಯ ಗೇರು ಒಂದಕ್ಕೊಂದು (ಒಳಗೆ ಒಂದು ಸುತ್ತು ಬಂದರೆ ಹೊರಗೂ ಒಂದೇ ಸುತ್ತು), ಹೊಸದರ ನಾಲ್ಕನೆಯದೂ ಒಂದಕ್ಕೊಂದು. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಎಂಜಿನ್ ಆಗಲೂ ಈಗಲೂ ನಿಮಿಷಕ್ಕೆ ಸುಮಾರು 2,600 ಸುತ್ತು ತಿರುಗುತ್ತದೆ. ಉಳಿಯುವುದು ಆಟೊಮ್ಯಾಟಿಕ್‌ನಲ್ಲಿ ಕ್ಲಚ್ಚಿನ ಬದಲು ಆಯಿಲ್ ಮೂಲಕ ಬಲ ದಾಟಿಸುವ ಟಾರ್ಕ್ ಕನ್ವರ್ಟರಿನಲ್ಲಿ ಸೋರಿಹೋಗುತ್ತಿದ್ದ ಅಷ್ಟಿಷ್ಟು ಮಾತ್ರ. ಹಿಂದಿನ ಆಕ್ಸಲ್ ಮಾತ್ರ ನನ್ನದನ್ನೇ ಉಳಿಸಿಕೊಂಡಿದ್ದೇನೆ. ಚಕ್ರದ ಒಂದು ಸುತ್ತಿಗೆ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಎಂಬ ಲೆಕ್ಕ 240ಡಿಯದು 3.69, ನನ್ನದು 3.07. ಮೊದಲ ಗೇರು ಸ್ವಲ್ಪ ಉದ್ದವಾಗುತ್ತದೆ, ಟರ್ಬೊ ಏಳುವ ಮೊದಲು ಏರಿನಲ್ಲಿ ಹೊರಡುವುದು ನಿಧಾನ. ಇದರ ಜೊತೆಗೆ ಈ ಕಾರಿನ ಪಾರ್ಕಿಂಗ್ ಬ್ರೇಕೂ ಕಾಲಿನದೇ. ಅಂದರೆ ಈಗ ನಾಲ್ಕು ಪೆಡಲು, ಎರಡು ಕಾಲು! ಸಾನ್ ಫ್ರಾನ್ಸಿಸ್ಕೋದ ದಿಬ್ಬಗಳಲ್ಲಿ ಡ್ಯಾಶ್‌ಬೋರ್ಡಿನ ಬಿಡುಗಡೆ ಹಿಡಿಯನ್ನು ಕೈಯಿಂದ ಎಳೆದೇ ಹೊರಡಬೇಕು.

ಉಳಿದಿರುವುದು: ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಉದ್ದ ಅಳೆದು ಜೋಡಿಸುವುದು, ಅದರ ನಡುವಿನ ಬೇರಿಂಗ್ ಬದಲಿಸುವುದು. ಗೇರ್ ಕಡ್ಡಿಗಳ ಬುಷ್‌ಗಳು ಸವೆದಿವೆ, ಲಿವರ್ ಅಲ್ಲಾಡಿಸಿದರೆ ಗಂಜಿಯಲ್ಲಿ ಸೌಟು ತಿರುಗಿಸಿದ ಹಾಗಿದೆ. ಹೊಸವು ಅಂಚೆಯಲ್ಲಿ ಬರುತ್ತಿವೆ. ನನಗಿರುವ ಒಂದೇ ಅನುಮಾನ ಕ್ಲಚ್ಚಿನದು. ಅದು 240ಡಿಗೆಂದು ಮಾಡಿದ್ದು, ನನ್ನ ಎಂಜಿನ್ನಿನ ಟಾರ್ಕ್, ಅಂದರೆ ತಿರುಗಿಸುವ ಬಲ, 240ಡಿಯದರ ಒಂದೂವರೆ ಪಟ್ಟಿಗೂ ಹೆಚ್ಚು. ರಸ್ತೆಗಿಳಿದ ಮೇಲೆ ನಾಲ್ಕನೆಯ ಗೇರಿನಲ್ಲಿ, ಏರಿನಲ್ಲಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಜಾರುತ್ತದೆಯೇ ಎಂದು ನೋಡುತ್ತೇನೆ. ಜಾರಿದರೆ ದೊಡ್ಡ ಅಳತೆಯ ಕ್ಲಚ್ಚು, ಅದಕ್ಕೆ ಹೊಂದುವ ಫ್ಲೈವೀಲು, ಮತ್ತೆ ಲೇತ್ ಅಂಗಡಿಯ ಹಿರಿಯರು.