ಬೂಟಿನೊಳಗೆ ಮರಳು ಹೊಕ್ಕರೆ

ಮೊರಾಕ್ಕೋದ ಸಹಾರಾದಲ್ಲಿ ನಡೆಯುವ ಮ್ಯಾರಥಾನ್ ದೆ ಸಾಬ್ಲ್‌ಗೆ ಹೊರಟವರು ಮೊದಲು ಕೇಳುವುದು ವಾರಕ್ಕೆ ಎಷ್ಟು ಕಿಲೋಮೀಟರ್ ಓಡಬೇಕು ಅಂತ. ಅದಕ್ಕೂ ಮೊದಲು ಬೂಟಿಗೆ ವೆಲ್ಕ್ರೋ ಹೊಲಿದುಕೊಡುವ ಒಳ್ಳೆಯ ಕೈಯೊಂದನ್ನು ಹುಡುಕಿಕೊಳ್ಳಬೇಕು. ಒಂದು ವಾರದಲ್ಲಿ ಹಂತ ಹಂತವಾಗಿ ಸುಮಾರು 250 ಕಿ.ಮೀ. ಸಾಗುವ ಈ ಓಟದಲ್ಲಿ ದಮ್ಮು ಸಾಲದೆ ಕೂತವರಿಗಿಂತ ಪಾದ ಕೆಟ್ಟು, ಹೊಟ್ಟೆ ಕೆಟ್ಟು ಕೂತವರೇ ಜಾಸ್ತಿ.

ಸಹಾರಾದ ಮರಳು ಹಿಟ್ಟಿನಷ್ಟು ನುಣುಪು. ಬೂಟಿನ ಜಾಲರಿಯಲ್ಲೇ ಒಳಗೆ ಇಳಿಯುತ್ತದೆ. ಬೆವರಿನ ಜೊತೆ ಕಲೆಸಿಕೊಂಡು ಉಜ್ಜುಕಾಗದದ ಕೆಲಸ ಶುರುಮಾಡುತ್ತದೆ. ಇದಕ್ಕೆ ತಡೆ ಅಂದರೆ ಪ್ಯಾರಾಚೂಟ್ ಬಟ್ಟೆಯ ಗೇಟರ್: ಇಡೀ ಬೂಟನ್ನು ಮುಚ್ಚಿ ಮೊಣಕಾಲ ಕೆಳಗೆ ಕಟ್ಟುವ ಚೀಲ. ಅದು ಕೂರುವುದು ಬೂಟಿನ ಸುತ್ತ, ಅಟ್ಟೆಗೆ ತಾಗಿದಂತೆ ಹಚ್ಚಿದ ವೆಲ್ಕ್ರೋ ಪಟ್ಟಿಯ ಮೇಲೆ. ಬರೀ ಅಂಟು ನಂಬಿದರೆ ಕೆಟ್ಟಿರಿ, ಕಾದ ಮರಳಿನಲ್ಲಿ ಅದು ಬಿಟ್ಟುಕೊಳ್ಳುತ್ತದೆ. ಅಂಟಿಸಿ, ಮೇಲೆ ಹೊಲಿಗೆಯನ್ನೂ ಹಾಕಿಸಬೇಕು. ಹೊಲಿದ ಮೇಲೆ ಒಳಗೆ ಕೈಬಿಟ್ಟು ಸವರಿ ನೋಡಿ. ಗಂಟೊಂದು ಬೆರಳಿಗೆ ತಾಕಿದರೆ ಎರಡನೇ ದಿನಕ್ಕೆ ಅಲ್ಲೇ ಗುಳ್ಳೆ ಗ್ಯಾರಂಟಿ. ಬಿಸಿಲಿಗೆ ಪಾದ ಊದುವುದರಿಂದ ಬೂಟು ಅರ್ಧದಿಂದ ಒಂದು ಸೈಜ್ ದೊಡ್ಡದಿರಲಿ. ಅದಕ್ಕಿಂತ ದೊಡ್ಡದಾದರೆ ಕಾಲು ಒಳಗೇ ಜಾರಾಡಿ ಇನ್ನಷ್ಟು ಗುಳ್ಳೆ.

ಗುಳ್ಳೆ ಎದ್ದೇ ಬಿಟ್ಟಿತು ಅನ್ನಿ. ಸೂಜಿಯನ್ನು ಆಂಟಿಸೆಪ್ಟಿಕ್‌ನಲ್ಲಿ ಒರೆಸಿ, ಗುಳ್ಳೆಯ ಕೆಳ ಅಂಚಿನಲ್ಲಿ ಎರಡು ಕಡೆ ಚುಚ್ಚಿ, ಮೆಲ್ಲಗೆ ಒತ್ತಿ ನೀರು ತೆಗೆಯಿರಿ. ಮೇಲಿನ ಚರ್ಮ ಕೀಳಲೇಬೇಡಿ. ಪಾದ ಪೂರ್ತಿ ಒಣಗಿದ ಮೇಲೆ ಟೇಪು, ಅದರ ಮೂಲೆಗಳನ್ನು ದುಂಡಗೆ ಕತ್ತರಿಸಿ. ಚೌಕ ಮೂಲೆ ಕಾಲುಚೀಲಕ್ಕೆ ಸಿಕ್ಕಿ ಏಳುತ್ತದೆ, ಎದ್ದ ಟೇಪಿನ ಕೆಳಗೆ ಮರಳು ಸೇರುತ್ತದೆ.

ಇನ್ನು ಬೆನ್ನ ಹೊರೆ. ಸಂಘಟಕರು ಕೊಡುವುದು ನೀರು, ಮಲಗಲು ಡೇರೆ. ಉಳಿದದ್ದೆಲ್ಲ ನಿಮ್ಮ ಹೆಗಲಿಗೆ. ನೀರು ಬಿಟ್ಟು ಚೀಲದ ತೂಕ ಕನಿಷ್ಠ 6.5 ಕೆ.ಜಿ., ಗರಿಷ್ಠ 15. ದಿನಕ್ಕೆ ಕನಿಷ್ಠ 2,000 ಕ್ಯಾಲೊರಿ ಎಂಬ ನಿಯಮದಂತೆ ಏಳು ದಿನಕ್ಕೆ 14,000. ಗ್ರಾಮಿಗೆ 4 ಕ್ಯಾಲೊರಿಯ ಆಹಾರ ತುಂಬಿದರೆ ಅದೇ 3.5 ಕೆ.ಜಿ.; 5 ಕ್ಯಾಲೊರಿಯದಾದರೆ 2.8. ಬೀಜಗಳು, ಎಣ್ಣೆ ಈ ಲೆಕ್ಕದಲ್ಲಿ ಗೆಲ್ಲುತ್ತವೆ. ಆದರೆ ಮಧ್ಯಾಹ್ನದ ಸೆಕೆಯಲ್ಲಿ ಬರೀ ಜಿಡ್ಡು ಗಂಟಲಲ್ಲಿ ಇಳಿಯುವುದಿಲ್ಲ, ಸಿಹಿಯಂತೂ ಮೂರನೇ ದಿನಕ್ಕೆ ವಾಕರಿಕೆ ತರಿಸುತ್ತದೆ. ಹಾಗಾಗಿ ಉಪ್ಪಿನ ತಿಂಡಿ ಅರ್ಧದಷ್ಟಾದರೂ ಇರಲಿ. ಹಲ್ಲುಜ್ಜುವ ಬ್ರಷ್ಷಿನ ಹಿಡಿ ಕತ್ತರಿಸಿ ಗ್ರಾಮು ಉಳಿಸಿಕೊಂಡು, ಮಲಗುವ ಚೀಲ ಮಾತ್ರ ದಪ್ಪನೆಯದು ಹೊತ್ತು ತರುವವರಿದ್ದಾರೆ. ಅಲ್ಲಿ ಕತ್ತರಿಸಿ ಸ್ವಾಮಿ, ಬ್ರಷ್ಷಿನಲ್ಲಲ್ಲ.

ಉಪ್ಪಿನ ವಿಷಯ ಜೀವದ ವಿಷಯ. ಒಣ ಗಾಳಿಗೆ ಬೆವರು ಹುಟ್ಟಿದಲ್ಲೇ ಆರಿಹೋಗುವುದರಿಂದ ಎಷ್ಟು ಬೆವರುತ್ತಿದ್ದೇವೆ ಎಂಬುದೇ ತಿಳಿಯದು. ಅಂಗಿಯ ಮೇಲಿನ ಬಿಳಿ ಗೆರೆಯೇ ಸಾಕ್ಷಿ. ಹೆದರಿ ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಇಳಿದು ಹೈಪೊನೇಟ್ರಿಮಿಯಾ. ಬೆರಳು ಊದಿ ಉಂಗುರ ಬಿಗಿಯಾಗುವುದು, ತಲೆನೋವು, ವಾಂತಿ, ಮಾತು ತಡವರಿಸುವುದು ಇದರ ಗುರುತು. ನಿರ್ಜಲೀಕರಣ ಅಂದುಕೊಂಡು ಇನ್ನಷ್ಟು ನೀರು ಕುಡಿಸುವುದು ಇಲ್ಲಿ ಆಗುವ ದೊಡ್ಡ ಎಡವಟ್ಟು. ಬಾಯಾರಿಕೆ ನೋಡಿ ಕುಡಿಯಿರಿ, ಜೊತೆಗೆ ಉಪ್ಪು ತಿನ್ನಿ. ಓಟಕ್ಕೆ ಮುಂಚೆ 10ರಿಂದ 14 ದಿನ ಸೆಕೆಯಲ್ಲಿ ಅಥವಾ ಸೌನಾ ಎಂಬ ಬಿಸಿಕೋಣೆಯಲ್ಲಿ ಮೈ ಪಳಗಿಸಿಕೊಂಡರೆ ಬೆವರು ಬೇಗ ಹರಿಯುತ್ತದೆ, ಅದರಲ್ಲಿ ಹೋಗುವ ಉಪ್ಪೂ ಕಡಿಮೆಯಾಗುತ್ತದೆ.

ಮರಳ ದಿಬ್ಬದಲ್ಲಿ ಗಾಳಿ ಬೀಸುವ ಬದಿ ಇಳಿಜಾರು ಕಡಿಮೆ, ನೆಲ ಗಟ್ಟಿ. ಮರೆಯ ಬದಿ ಸುಮಾರು 33 ಡಿಗ್ರಿ ಕಡಿದಾಗಿದ್ದು ಸಡಿಲ. ಹತ್ತುವಾಗ ಮೊದಲನೆಯದು, ಸಾಧ್ಯವಾದಷ್ಟೂ ನೆತ್ತಿಯ ಏಣು ಹಿಡಿದು ಸಾಗಿ. ಹತ್ತು ಸಲ ಗೆದ್ದ ಲಾಹ್ಸೆನ್ ಅಹನ್ಸಲ್ ಮರುಭೂಮಿಯಲ್ಲೇ ಬೆಳೆದವರು, ಅಂಥವರಿಗೆ ಇದು ಕಣ್ಣಿಗೇ ಗೊತ್ತು. ನಮ್ಮಂಥವರು ಹೆಜ್ಜೆ ಚಿಕ್ಕದು ಮಾಡಿ, ಏರಿನಲ್ಲಿ ನಡೆಯಬೇಕು. ನಾಚಿಕೆ ಏನಿಲ್ಲ. ಕೊನೆಗೆ ಬರುವ ಎರಡು ಒಂಟೆಗಳು ನಿಮ್ಮನ್ನು ದಾಟದಿದ್ದರೆ ಸಾಕು. ದಾಟಿದರೆ ಓಟ ಮುಗಿಯಿತು.

ಬಿರುಗಾಳಿ ಎದ್ದರೆ? 1994ರಲ್ಲಿ ಇಟಲಿಯ ಮೌರೊ ಪ್ರೊಸ್ಪೆರಿ ಅದರೊಳಗೇ ಓಡುತ್ತ ಹೋಗಿ ದಾರಿ ತಪ್ಪಿದರು. ಒಂಬತ್ತು ದಿನಗಳ ಮೇಲೆ ಸಿಕ್ಕಿದ್ದು ಅಲ್ಜೀರಿಯಾದ ನೆಲದಲ್ಲಿ. ಮುಂದಿನ ಗುರುತು ಕಾಣದಾದ ಕ್ಷಣ ನಿಂತುಬಿಡಿ, ಗಾಳಿಗೆ ಬೆನ್ನು ಕೊಟ್ಟು ಕೂರಿ, ಮೂಗು ಬಾಯಿಗೆ ಬಟ್ಟೆ ಸುತ್ತಿ. ಸೀಟಿ ಚೀಲದ ತಳದಲ್ಲಿರಬಾರದು, ಎದೆಯ ಪಟ್ಟಿಯಲ್ಲಿ ಕೈಗೆ ಸಿಗುವಂತಿರಲಿ.