ಏಂಜರ್ ರಸ್ತೆಯಲ್ಲಿ ಇಲ್ಲದ ಚರ್ಚು

ಡಬ್ಲಿನ್ನಿನಲ್ಲಿರುವ ಮಗಳ ಮನೆಯಲ್ಲಿ ಹದಿನೈದು ದಿನ ಇದ್ದು ಬಂದೆ. ಅಷ್ಟು ದಿನಗಳಲ್ಲಿ ಬರೆದಿಡಬೇಕೆನಿಸಿದ್ದು ಒಂದು ಮುಂಜಾನೆಯ ಸಂಗತಿ. ಏಂಜರ್ ರಸ್ತೆಯ ಸೇಂಟ್ ಪೀಟರ್ಸ್ ಚರ್ಚನ್ನು ಹುಡುಕಿಕೊಂಡು ಹೋದ ನನಗೆ ಅಲ್ಲಿ ಚರ್ಚೇ ಕಾಣಲಿಲ್ಲ.

ಚಾರ್ಲ್ಸ್ ರಾಬರ್ಟ್ ಮ್ಯಾಟುರಿನ್ ಆ ಚರ್ಚಿನ ಸಹಾಯಕ ಪಾದ್ರಿಯಾಗಿದ್ದವರು. 1820ರಲ್ಲಿ ನಾಲ್ಕು ಸಂಪುಟಗಳಲ್ಲಿ ಹೊರಬಂದ ಅವರ ‘ಮೆಲ್ಮಾತ್ ದ ವಾಂಡರರ್’ ಕಾದಂಬರಿಯನ್ನು ನಾನು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ದಿನಗಳಿಂದ ಓದುತ್ತ ಬಂದಿದ್ದೇನೆ. ಗಾಥಿಕ್ ಎಂಬ ಭಯದ ಕಥೆಗಳೆಂದೊಡನೆ ಹಾಳು ಕೋಟೆ, ನೆಲಮಾಳಿಗೆ, ಅಸ್ಥಿಪಂಜರಗಳನ್ನು ನೆನೆಯುವವರು ಈ ಪುಸ್ತಕವನ್ನು ಓದಬೇಕು. ಇಲ್ಲಿನ ಭಯ ಒಂದು ಪ್ರಶ್ನೆಯಿಂದ ಹುಟ್ಟುತ್ತದೆ. ಮುನ್ನುಡಿಯಲ್ಲಿ ಮ್ಯಾಟುರಿನ್ನರೇ ಹೇಳಿಕೊಂಡಂತೆ, ಕಥೆಯ ಎಳೆ ಸಿಕ್ಕಿದ್ದು ಅವರ ಒಂದು ಉಪದೇಶದಲ್ಲಿ: ಲೋಕದ ಸಕಲ ಸುಖವನ್ನು ಕೊಡುತ್ತೇನೆಂದರೂ ತನ್ನ ಆತ್ಮದ ರಕ್ಷಣೆಯ ಆಸೆಯನ್ನು ಬಿಟ್ಟುಕೊಡುವವರು ಇಲ್ಲಿ ಒಬ್ಬರಾದರೂ ಇದ್ದಾರೆಯೇ?

ಆ ಮಾತನ್ನು ಕೇಳಿದ ಗೋಡೆಗಳನ್ನು ಒಮ್ಮೆ ಮುಟ್ಟಿ ಬರಬೇಕೆಂಬುದು ನನ್ನ ಬಹುದಿನದ ಆಸೆಯಾಗಿತ್ತು. ರಸ್ತೆಯ ಎರಡೂ ಬದಿಯಲ್ಲಿ ಎರಡು ಸಲ ನಡೆದು, ಕೊನೆಗೆ ತರಕಾರಿ ಚೀಲ ಹಿಡಿದು ನಿಂತಿದ್ದ ವೃದ್ಧರೊಬ್ಬರನ್ನು ವಿಚಾರಿಸಿದೆ.

“ನೀವು ಅದರ ಜಾಗದಲ್ಲೇ ನಿಂತಿದ್ದೀರಿ, ಅಮ್ಮ. 1980ರ ದಶಕದಲ್ಲಿ ಕೆಡವಿಬಿಟ್ಟರು,” ಎಂದರು ಅವರು.

ಏಕೆ ಹುಡುಕುತ್ತಿದ್ದೀರೆಂದು ಕೇಳಿದರು. ಮ್ಯಾಟುರಿನ್ನರ ಹೆಸರು ಅವರಿಗೆ ಗೊತ್ತಿರಲಿಲ್ಲವಾದ್ದರಿಂದ ನಾನೇ ಹೇಳಿದೆ: ಹತ್ತಿರದ ಯಾರ್ಕ್ ರಸ್ತೆಯಲ್ಲೇ ಮನೆ, ಬರೆಯಲು ಕುಳಿತಾಗ ಯಾರೂ ಮಾತನಾಡಿಸದಿರಲೆಂದು, ಕಾಗದ ಅಂಟಿಸುವ ಕೆಂಪು ಬಿಲ್ಲೆಯೊಂದನ್ನು ಹಣೆಗೆ ಕುಂಕುಮದ ಹಾಗೆ ಒತ್ತಿಕೊಳ್ಳುತ್ತಿದ್ದರಂತೆ, ಅಂಚೆ ಇಲಾಖೆಯಲ್ಲಿದ್ದ ತಂದೆ 1809ರಲ್ಲಿ ಕೆಲಸ ಕಳೆದುಕೊಂಡ ಮೇಲೆ ಸಂಸಾರದ ಭಾರವೆಲ್ಲ ಇವರ ಮೇಲೆ ಬಿತ್ತು. 1816ರಲ್ಲಿ ‘ಬರ್ಟ್ರಮ್’ ನಾಟಕವು ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಎಡ್ಮಂಡ್ ಕೀನ್ ಅಭಿನಯದಲ್ಲಿ ಗೆದ್ದಾಗ ಹಣವೇನೋ ಬಂತು, ಆದರೆ ಅಲ್ಲಿಯವರೆಗೆ ಬೇರೆ ಹೆಸರಿನಲ್ಲಿ ಬರೆಯುತ್ತಿದ್ದವರ ಗುಟ್ಟೂ ಬಯಲಾಯಿತು. ನಾಟಕ ಬರೆಯುವ ಪಾದ್ರಿಗೆ ಚರ್ಚಿನಲ್ಲಿ ಬಡ್ತಿ ಸಿಗಲಿಲ್ಲ. 1824ರಲ್ಲಿ ತೀರಿಕೊಳ್ಳುವವರೆಗೂ ಅವರು ಸಹಾಯಕ ಪಾದ್ರಿಯಾಗಿಯೇ ಉಳಿದರು.

ಉಪದೇಶದ ಪ್ರಶ್ನೆಯನ್ನು ಹೇಳಿದಾಗ ವೃದ್ಧರು ಚೀಲವನ್ನು ಕೆಳಗಿಟ್ಟರು. “ಕೈಯಲ್ಲಿ ಕಾಸಿಲ್ಲದವರು ಇದನ್ನು ಕೇಳಿದರೇ?” ಎಂದು ಸ್ವಲ್ಪ ಹೊತ್ತು ಸುಮ್ಮನಿದ್ದು, “ಯಾರಾದರೂ ಹೂಂ ಎಂದರೇ?” ಎಂದರು.

ಕಾದಂಬರಿಯಲ್ಲಿ ಒಬ್ಬರೂ ಹೂಂ ಅನ್ನುವುದಿಲ್ಲ ಎಂದೆ. ಸೈತಾನನಿಗೆ ಆತ್ಮವನ್ನು ಮಾರಿ ನೂರೈವತ್ತು ವರ್ಷಗಳ ಹೆಚ್ಚಿನ ಆಯುಸ್ಸು ಪಡೆದ ಮೆಲ್ಮಾತ್, ಆ ಕರಾರನ್ನು ತನ್ನಿಂದ ಕೊಳ್ಳುವವರಿಗಾಗಿ ಅಲೆಯುತ್ತಾನೆ. ಹುಚ್ಚಾಸ್ಪತ್ರೆಯಲ್ಲಿ ಕೂಡಿಹಾಕಲ್ಪಟ್ಟವನು, ಸ್ಪೇನಿನ ಧರ್ಮನ್ಯಾಯಾಲಯದ ಸೆರೆಯಲ್ಲಿರುವವನು, ಮಕ್ಕಳು ಹಸಿದಿರುವುದನ್ನು ನೋಡುತ್ತಿರುವ ತಂದೆ, ಹೀಗೆ ದಿಕ್ಕಿಲ್ಲದವರ ಬಳಿಗೇ ಹೋಗುತ್ತಾನೆ. ಎಲ್ಲರೂ ಒಲ್ಲೆವೆನ್ನುತ್ತಾರೆ. ವೃದ್ಧರು ತಲೆಯಾಡಿಸಿ, “ಪಾದ್ರಿಗೆ ತಮ್ಮ ಜನರ ಮೇಲೆ ನಂಬಿಕೆ ಇತ್ತು,” ಎಂದರು. ಇಷ್ಟು ವರ್ಷ ಪಾಠ ಮಾಡಿಯೂ ಆ ಪುಸ್ತಕವನ್ನು ನಾನು ಘೋರ ಕಥೆಯೆಂದೇ ಹೇಳಿಕೊಟ್ಟಿದ್ದೆ. ಅದರೊಳಗಿನ ಈ ನಂಬಿಕೆಯನ್ನು ತೋರಿಸಿಕೊಟ್ಟವರು ಅದನ್ನು ಓದಿಯೇ ಇರದ ಆ ಹಿರಿಯರು.

ಮರುದಿನ ಸೇಂಟ್ ಪ್ಯಾಟ್ರಿಕ್ ಕೆಥೆಡ್ರಲ್ ಪಕ್ಕದ ಮಾರ್ಷ್ ಗ್ರಂಥಾಲಯಕ್ಕೆ ಹೊರಟೆ. ಅದು ಸೋಮವಾರ, ಬಾಗಿಲು ಹಾಕಿತ್ತು. ನನ್ನ ಪ್ರವಾಸದ ಪಟ್ಟಿ ತಯಾರಿಸಿಕೊಟ್ಟ ಏಜೆಂಟರು ರಜಾದಿನವನ್ನು ನೋಡಿರಲಿಲ್ಲ, ಆ ಬೇಸರ ಇನ್ನೂ ಹೋಗಿಲ್ಲ. ಹೋಗುವವರು ತೆರೆದಿರುವ ದಿನಗಳನ್ನು ತಾವೇ ಖಚಿತಪಡಿಸಿಕೊಳ್ಳಬೇಕು. ಮಂಗಳವಾರ ಒಳಗೆ ಹೋದಾಗ, 1707ರಲ್ಲಿ ಸ್ಥಾಪನೆಯಾದ ಆ ಗ್ರಂಥಾಲಯದ ಕಪ್ಪು ಓಕ್ ಕಪಾಟುಗಳನ್ನೂ, ಬೆಲೆಬಾಳುವ ಪುಸ್ತಕ ಓದುವವರನ್ನು ಕೂಡಿಹಾಕುತ್ತಿದ್ದ ಜಾಲರಿ ಗೂಡುಗಳನ್ನೂ ನೋಡಿದೆ. ‘ಡ್ರಾಕುಲಾ’ ಬರೆದ ಬ್ರ್ಯಾಮ್ ಸ್ಟೋಕರ್ 1866ರಲ್ಲಿ ಇಲ್ಲಿ ಓದಿದ್ದರು. ಮ್ಯಾಟುರಿನ್ನರು ಹಾಕಿದ ದಾರಿಯಲ್ಲಿ ನಡೆದ ಇನ್ನೊಬ್ಬ ಡಬ್ಲಿನ್ನಿನವರು.

ಆ ಮೌನದಲ್ಲಿ ಕುಳಿತು ಮೆಲ್ಮಾತ್ ಎಲ್ಲೆಲ್ಲಿಗೆ ಹೋದನೆಂದು ನೆನೆದೆ. ರಷ್ಯದ ಕವಿ ಪುಶ್ಕಿನ್ನರ ‘ಯೂಜೀನ್ ಒನೇಗಿನ್’ನಲ್ಲಿ ಅವನ ಹೆಸರು ಬರುತ್ತದೆ. ಫ್ರಾನ್ಸಿನ ಕಾದಂಬರಿಕಾರ ಬಾಲ್ಜಾಕ್ 1835ರಲ್ಲಿ ತಮ್ಮ ಕಥೆಯೊಂದರಲ್ಲಿ ಅವನನ್ನು ಪ್ಯಾರಿಸ್ಸಿಗೆ ಕರೆದೊಯ್ದರು. ಅಲ್ಲಿ ಬ್ಯಾಂಕಿನ ಖಜಾಂಚಿಯೊಬ್ಬ ಕರಾರನ್ನು ಸುಲಭವಾಗಿ ಕೊಳ್ಳುತ್ತಾನೆ, ಆಮೇಲೆ ಅದು ಶೇರುಪೇಟೆಯಲ್ಲಿ ಕೈಯಿಂದ ಕೈಗೆ ಬೆಲೆಯಿಳಿಯುತ್ತ ಹೋಗುತ್ತದೆ. ಆ ಕಥೆ ಬಹಳ ಜಾಣತನದ್ದು, ಆದರೂ ನನಗೆ ಡಬ್ಲಿನ್ನಿನ ಪಾದ್ರಿಯೇ ಹೆಚ್ಚು. ಮ್ಯಾಟುರಿನ್ನರ ಹೆಂಡತಿ ನಾಟಕಕಾರ ಆಸ್ಕರ್ ವೈಲ್ಡರ ತಾಯಿಯ ತಾಯಿಗೆ ಸೋದರಿಯಾಗಬೇಕು. 1897ರಲ್ಲಿ ಸೆರೆಯಿಂದ ಬಿಡುಗಡೆಯಾಗಿ ದೇಶ ಬಿಟ್ಟ ವೈಲ್ಡ್, ಸೆಬಾಸ್ಟಿಯನ್ ಮೆಲ್ಮಾತ್ ಎಂಬ ಹೆಸರನ್ನು ಇಟ್ಟುಕೊಂಡು, 1900ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು.

ಒಂದು ವಿಷಯದಲ್ಲಿ ಮಾತ್ರ ಮ್ಯಾಟುರಿನ್ನರ ಮೇಲೆ ನನಗೆ ಸಿಟ್ಟಿದೆ. ಕಾದಂಬರಿಯ ನಾಯಕಿ ಇಮ್ಮಾಲಿ ಬೆಳೆಯುವುದು ಹೂಗ್ಲಿ ನದಿಯ ಮುಖಕ್ಕೆ ಹತ್ತಿರದ ಒಂದು ದ್ವೀಪದಲ್ಲಿ. ಭಾರತವನ್ನು ಕಾಣದ ಲೇಖಕರು ಅಲ್ಲಿ ‘ಸೀವ’ ಎಂಬ ಕರಿಯ ದೇವತೆಯನ್ನು ನಿಲ್ಲಿಸುತ್ತಾರೆ. ನಮ್ಮ ಶಿವನ ಹೆಸರನ್ನು ಕಾಳಿಗೆ ಇಟ್ಟುಬಿಟ್ಟಿದ್ದಾರೆ. ಆದರೂ ಆ ಹುಡುಗಿಯ ಭಾಗವೇ ಪುಸ್ತಕದಲ್ಲಿ ಅತ್ಯಂತ ಮೃದುವಾದದ್ದು. ಮೆಲ್ಮಾತನನ್ನು ಪ್ರೀತಿಸಿದ ಅವಳೂ ಕರಾರನ್ನು ಒಲ್ಲೆನೆನ್ನುತ್ತಾಳೆ. ಸಾಯುವಾಗ ಸ್ವರ್ಗದ ಮಾತೆತ್ತಿದ ಪಾದ್ರಿಗೆ, ಅಲ್ಲಿ ಅವನೂ ಇರುವನೇ ಎಂದು ಕೇಳುತ್ತಾಳೆ.

ಹೊರಡುವ ಹಿಂದಿನ ದಿನ ಮಗಳು ವಿಕ್ಲೋ ಕರಾವಳಿಯ ಕಡೆಗೆ ರೈಲಿನಲ್ಲಿ ಕರೆದೊಯ್ದಳು. ಬ್ರೇ ಊರು ದಾಟಿದ ಮೇಲೆ ಹಳಿ ಸಮುದ್ರಕ್ಕೆ ಅಂಟಿಕೊಂಡು, ಬಂಡೆಯ ಸುರಂಗಗಳೊಳಗೆ ನುಗ್ಗಿ ಹೊರಬರುತ್ತದೆ. ಕಾದಂಬರಿ ಆರಂಭವಾಗುವುದೂ ಮುಗಿಯುವುದೂ ಈ ವಿಕ್ಲೋ ಸೀಮೆಯಲ್ಲೇ: ಕೊನೆಯ ರಾತ್ರಿ ಕಡಲಂಚಿನ ಬಂಡೆಯವರೆಗೆ ಹೆಜ್ಜೆಯ ಗುರುತು, ಅದರ ಕೆಳಗೆ ಕಲ್ಲಿನ ಮೂಲೆಗೆ ಸಿಕ್ಕಿ ಅಲುಗುತ್ತಿರುವ, ಮೆಲ್ಮಾತ್ ಕೊರಳಿಗೆ ಕಟ್ಟಿದ್ದ ಕರವಸ್ತ್ರ.

“ಅಮ್ಮ, ಏನು ನೋಡುತ್ತಿದ್ದೀಯ?” ಎಂದು ಮಗಳು ಕೇಳಿದಳು. ನಾನು ಕಿಟಕಿಯ ಗಾಜಿಗೆ ಹಣೆಯೊತ್ತಿ, ಬಂಡೆಗಳ ಅಂಚಿನಲ್ಲಿ ಒಂದು ಬಟ್ಟೆಯ ತುಂಡನ್ನು ಹುಡುಕುತ್ತಿದ್ದೆ.